ಐದಕ್ಕೆ ಮುನ್ನೂರು ಮೀಟರ್ ಕಡಿಮೆ

ಮೂಸಬ್ಬ ಕಾಕನ ಅಂಗಡಿಯ ಮುಂದಿನ ಕಿಲೋಮೀಟರ್ ಕಲ್ಲನ್ನು ನನ್ನ ಮಗಳು ತೃಷಾ ದಾಟಿದ ಕೂಡಲೇ ಸ್ಟಾಪ್‌ವಾಚ್ ಒತ್ತಿದೆ. ಹದಿನೆಂಟು ನಿಮಿಷ ಹತ್ತು ಸೆಕೆಂಡ್. ಇಷ್ಟು ಬೇಗ ಅವಳು ಹಿಂದೆಂದೂ ಓಡಿರಲಿಲ್ಲ. ಅಂದು ಗುರುವಾರ. ಭಾನುವಾರ ಮೂಡುಬಿದಿರೆಯಲ್ಲಿ ಟ್ರಯಥ್ಲಾನ್ ಆಯ್ಕೆ ಸ್ಪರ್ಧೆಯಿತ್ತು. ಏಳುನೂರ ಐವತ್ತು ಮೀಟರ್ ಈಜಿ, ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿದು, ಇಳಿದ ಕಾಲಿನಲ್ಲೇ ಐದು ಕಿಲೋಮೀಟರ್ ಓಡಬೇಕು. ರಾಜ್ಯದ ಕಿರಿಯರ ತಂಡಕ್ಕೆ ಮೊದಲ ಇಬ್ಬರು ಹುಡುಗಿಯರು ಮಾತ್ರ.

ತೃಷಾಳಿಗೆ ಹದಿನಾರು. ನೀರಿನಲ್ಲಿ ಅವಳು ನಿಧಾನ, ಸೈಕಲ್‌ನಲ್ಲಿ ಸಾಧಾರಣ. ಓಟವೇ ಅವಳ ಬಲ. ಮೂಡುಬಿದಿರೆಯ ಈಜುಕೊಳದಲ್ಲಿ ಅವಳಿಗೆ ಕಲಿಸುವ ರಾಮಪ್ರಸಾದ್ ಸರ್ ಮೊದಲ ದಿನವೇ ಹೇಳಿದ್ದರು, "ಓಡಲಿಕ್ಕೆ ಇವಳಿಗೆ ನಾನು ಎಂತ ಕಲಿಸುವುದು ಟೀಚರೇ? ಟೈಮ್ ಮಾತ್ರ ನೀವು ಬರೆದು ಕಳಿಸಿ."

ಹಾಗೆ ಓಟದ ಲೆಕ್ಕ ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬೆಳಿಗ್ಗೆ ಅವಳು ಇಪ್ಪತ್ತು ಕಿಲೋಮೀಟರ್ ತುಳಿದು ಬಂದು ಸೈಕಲನ್ನು ನಮ್ಮ ಗೇಟಿಗೆ ಒರಗಿಸಿ ಓಟಕ್ಕೆ ಹೊರಡುತ್ತಿದ್ದಳು. ಗೇಟಿನ ಎದುರಿಗೇ ಒಂದು ಹಸಿರು ತಲೆಯ ಕಲ್ಲು. ಅಲ್ಲಿಂದ ಐದನೆಯ ಕಲ್ಲು ವೇಣೂರಿನ ಈಚೆಗೆ ಮೂಸಬ್ಬ ಕಾಕನ ಅಂಗಡಿಯ ಬಳಿ. ಅವಳ ಹಿಂದೆ ನನ್ನ ಹಳೆಯ ಸ್ಕೂಟರ್. ಅದರ ಮೀಟರಿನ ಕೇಬಲ್ ಕಡಿದು ಎರಡು ವರ್ಷವಾಗಿತ್ತು. ಮೊದಲ ವಾರ ತೃಷಾ ಸೊಂಟಕ್ಕೆ ಫೋನ್ ಕಟ್ಟಿಕೊಂಡು ಓಡಿದ್ದಳು. ಅದು ನಾಲ್ಕು ಮುಕ್ಕಾಲೂ ಇಲ್ಲ ಎಂದು ತೋರಿಸಿತ್ತು.

"ಮರದ ಅಡಿಯಲ್ಲಿ ಸಿಗ್ನಲ್ ಹಾರ್ತದೆ," ಎಂದು ನಾನೇ ಹೇಳಿದ್ದೆ. "ಸರಕಾರದ ಕಲ್ಲು ಎಲ್ಲಿಗಾದರೂ ಹಾರ್ತದಾ?"

ಅವಳು ನಕ್ಕು ಫೋನನ್ನು ಮನೆಯಲ್ಲೇ ಬಿಟ್ಟಿದ್ದಳು.

ಗುರುವಾರ ಅವಳು ಅಂಗಡಿಯ ಜಗಲಿಯಲ್ಲಿ ಕಾಲು ನೀಡಿ ಕುಳಿತು ನೀರು ಕುಡಿಯುತ್ತಿದ್ದಾಗ ಕಾಕ ಕೇಳಿದರು, "ಎಷ್ಟಾಯ್ತಕ್ಕ ಇವತ್ತು?"

"ಹದಿನೆಂಟು ಹತ್ತು."

"ಹಾಗಾದ್ರೆ ನಮ್ಮ ಏಳು ಗಂಟೆಯ ಬಸ್ಸನ್ನು ಇನ್ನು ನಿಲ್ಲಿಸ್ಬಹುದು. ಎಲ್ಲರನ್ನೂ ಇವಳ ಬೆನ್ನಿಗೆ ಹಾಕುವ."

ಅಷ್ಟರಲ್ಲಿ ಬಸ್ಸು ಬಂತು. ಕಲ್ಲಿನ ಮೇಲೆ ಕುಳಿತಿದ್ದ ಹೆಂಗಸು ಸೆರಗು ಕೊಡವಿ ಎದ್ದು ಹತ್ತಿದಳು. ಕಾಕ ತೃಪ್ತಿಯಿಂದ ಕಲ್ಲನ್ನೇ ನೋಡಿದರು.

"ನೋಡಿ, ನಾನು ತಂದು ಹಾಕದಿದ್ರೆ ಇವರೆಲ್ಲ ನಿಂತೇ ಕಾಯ್ಬೇಕಿತ್ತು."

"ಎಂತದು ತಂದದ್ದು ಕಾಕ?"

"ಈ ಕಲ್ಲು. ರಸ್ತೆ ಅಗಲ ಮಾಡುವಾಗ ಜೆಸಿಬಿಯವ ಕಿತ್ತು ಚರಂಡಿಗೆ ಎಸೆದು ಹೋದ. ಒಳ್ಳೆ ಕಲ್ಲು, ಹಾಳಾಗುವುದು ಬೇಡ ಅಂತ ನಾವು ನಾಲ್ಕು ಜನ ಎತ್ತಿ ತಂದು ಸಿಮೆಂಟು ಹಾಕಿ ನಿಲ್ಲಿಸಿದ್ದು."

"ಮೊದಲು ಎಲ್ಲಿತ್ತು?"

"ಅಗೊ, ಮುಂದೆ ಮೋರಿಯ ಹತ್ತಿರ. ಅಲ್ಲಿ ಯಾರು ಕೂತ್ಕೊಳ್ತಾರೆ?"

ನಾನು ತೃಷಾಳ ಕಡೆ ನೋಡಿದೆ. ಅವಳು ಷೂ ಬಿಚ್ಚಿ ಬೆರಳುಗಳನ್ನು ಒತ್ತಿಕೊಳ್ಳುತ್ತಿದ್ದಳು. ಕೇಳಿಸಿಕೊಂಡಿರಲಿಲ್ಲ. ಈಗ ಬಂದೆ ಎಂದು ಹೇಳಿ ಮೋರಿಯ ತನಕ ನಡೆದೆ. ಹೆಜ್ಜೆ ಎಣಿಸಿದೆ. ಬರುವಾಗ ಮತ್ತೊಮ್ಮೆ ಎಣಿಸಿದೆ. ನಾನೂರಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಸುಮಾರು ಮುನ್ನೂರು ಮೀಟರ್. ನನ್ನ ಮಗಳು ಒಂದು ದಿನವೂ ಐದು ಕಿಲೋಮೀಟರ್ ಓಡಿರಲಿಲ್ಲ. ಐದು ಓಡಿದ್ದರೆ ಹತ್ತೊಂಬತ್ತು ನಿಮಿಷ ಇಪ್ಪತ್ತು ಸೆಕೆಂಡ್ ಬೇಕಾಗುತ್ತಿತ್ತು. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಲೆಕ್ಕದಷ್ಟು ಸರಳ. ಮೂರು ಸಲ ಮಾಡಿದರೂ ಉತ್ತರ ಬದಲಾಗಲಿಲ್ಲ.

ಶುಕ್ರವಾರ ಸ್ಟಾಫ್ ರೂಮಿನಿಂದ ಹೊರಗೆ ಬಂದು ರಾಮಪ್ರಸಾದ್ ಸರ್‌ಗೆ ಫೋನ್ ಮಾಡಿದೆ. ಕಲ್ಲಿನ ವಿಷಯ ಹೇಳಿದೆ. ಅವರ ಇಡೀ ಯೋಜನೆ ನಾನು ಕಳಿಸಿದ ಸಮಯದ ಮೇಲೆ ನಿಂತಿತ್ತು. ನೀರಿನಲ್ಲಿ ಕಳೆದುಕೊಳ್ಳುವ ಎರಡು ನಿಮಿಷವನ್ನು ಓಟದಲ್ಲಿ ಮರಳಿ ಪಡೆಯುವುದು ಎಂದು.

"ಅವಳಿಗೆ ಹೇಳ್ಬೇಡಿ ಟೀಚರೇ," ಎಂದರು. "ಎರಡು ದಿನದಲ್ಲಿ ಕಾಲಿನ ವೇಗ ಬದಲಾಗುವುದಿಲ್ಲ. ಮನಸ್ಸು ಮಾತ್ರ ಬದಲಾಗ್ತದೆ. ಹದಿನೆಂಟು ಹತ್ತು ಅಂತ ನಂಬಿ ಓಡ್ಲಿ. ಯಾರಿಗೆ ಗೊತ್ತು, ಬಂದರೂ ಬಂತು."

ಅವರು ಹೇಳಿದ್ದು ನನಗೂ ಅನುಕೂಲವೇ ಆಗಿತ್ತು. ತಪ್ಪು ನನ್ನದು. ಹೇಳದಿರುವುದೇ ಅವಳಿಗೆ ಒಳ್ಳೆಯದು ಎಂದು ಬೇರೆಯವರ ಬಾಯಿಂದ ಬಂದಾಗ ಎದೆ ಹಗುರವಾಯಿತು. ಆ ಹಗುರವೇ ನನ್ನನ್ನು ಶನಿವಾರದ ತನಕ ಕಾಡಿತು.

ಶನಿವಾರ ಮಧ್ಯಾಹ್ನ ತೃಷಾ ಜಗಲಿಯಲ್ಲಿ ಸೈಕಲ್ ಒರೆಸುತ್ತಿದ್ದಳು. ಬಿಳಿ ಟೇಪಿನ ಒಂದು ತುಂಡನ್ನು ಎಡಗೈಯ ಮಣಿಕಟ್ಟಿಗೆ ಅಂಟಿಸಿಕೊಂಡು ಪೆನ್ನಿನಿಂದ ಬರೆದಿದ್ದಳು. ಒಂದನೆಯ ಕಿಲೋಮೀಟರಿಗೆ 3.38, ಎರಡನೆಯದಕ್ಕೆ 7.16, ಮೂರಕ್ಕೆ 10.54. ನಾನು ಸಮಯ ಬರೆದಿಡುವ ಪುಸ್ತಕದಿಂದ ತೆಗೆದು ಭಾಗಿಸಿದ ಅಂಕಿಗಳು. ಭಾಗಾಕಾರ ಸರಿಯಾಗಿಯೇ ಇತ್ತು.

ನಾಳೆ ಮೂರನೆಯ ಕಿಲೋಮೀಟರಿನಲ್ಲಿ ಏನಾಗುತ್ತದೆ ಎಂಬುದು ಆಗ ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಈ ವೇಗದಲ್ಲಿ ಹೊರಟು, ಉಸಿರು ಕಟ್ಟಿ, ಅವಳು ಮಣಿಕಟ್ಟು ನೋಡಿಕೊಳ್ಳುತ್ತಾಳೆ. ಕಲ್ಲು ತಪ್ಪಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ತನ್ನ ಕಾಲು ಕೈಕೊಟ್ಟಿತು ಎಂದುಕೊಳ್ಳುತ್ತಾಳೆ. ಆ ಮಾತನ್ನು ಅವಳು ಎಷ್ಟು ವರ್ಷ ನಂಬಿಕೊಂಡಿರುತ್ತಾಳೋ.

"ತೃಷಾ, ಅದನ್ನು ತೆಗಿ," ಎಂದೆ. ಹೇಳಿಬಿಟ್ಟೆ. ಕಲ್ಲು, ಮೋರಿ, ಹೆಜ್ಜೆ, ಸರ್ ಹೇಳಿದ್ದು, ಎಲ್ಲ.

ಅವಳು ಬಟ್ಟೆಯನ್ನು ಕೆಳಗಿಟ್ಟಳು.

"ಗುರುವಾರವೇ ಗೊತ್ತಿತ್ತಾ ನಿನಗೆ?"

"ಹೌದು."

"ಫೋನ್ ಸರಿಯೇ ತೋರಿಸಿತ್ತು. ನಾನು ತೋರಿಸಿದ್ದೆ ಅಲ್ವಾ ಅಮ್ಮ? ನೀನು ಟೀಚರ್ ಅಲ್ವಾ, ನಿನಗೆ ಎಲ್ಲ ಗೊತ್ತು!"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಚಹಾಕ್ಕೆ ಬಂದಾಗ ಕಣ್ಣು ಕೆಂಪಾಗಿತ್ತು. ಲೋಟ ಹಿಡಿದುಕೊಂಡು ಕೇಳಿದಳು, "ಸರಿಯಾದ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೆ ಎಷ್ಟು?"

"ಮೂರು ಐವತ್ತೆರಡು."

"ಛೀ," ಎಂದಳು. ಆದರೆ ಹೊಸ ಟೇಪು ತಂದು ಬರೆದುಕೊಂಡಳು.

ಭಾನುವಾರ ಟ್ರಯಥ್ಲಾನ್ ಸಂಘದವರು ಮೂಡುಬಿದಿರೆಯ ರಸ್ತೆಯನ್ನು ಅಳತೆಯ ಚಕ್ರ ಉರುಳಿಸಿ ಅಳೆದರು. ನಾನು ಅದನ್ನೂ ನಿಂತು ನೋಡಿದೆ. ನೀರಿನಿಂದ ತೃಷಾ ಆರನೆಯವಳಾಗಿ ಎದ್ದಳು. ಫರಂಗಿಪೇಟೆಯ ದೀಕ್ಷಿತಾ ಆಗಲೇ ಸೈಕಲ್ ಹತ್ತಿ ಬೆಳುವಾಯಿಯ ದಾರಿ ಹಿಡಿದಾಗಿತ್ತು. ಎರಡು ನಿಮಿಷಕ್ಕೂ ಹೆಚ್ಚು ಅಂತರ. ಸೈಕಲ್ ಇಳಿದು ಓಟಕ್ಕೆ ಹೊರಡುವಾಗ ತೃಷಾ ನಾಲ್ಕನೆಯವಳು. ಅವಳಿಗಿಂತ ಸ್ವಲ್ಪವೇ ಮುಂದಿದ್ದ ಇಬ್ಬರು, ಮೈಸೂರಿನ ಹುಡುಗಿ ಮತ್ತು ಮಂಗಳೂರಿನ ಹಫ್ಸ, ಬಾಣ ಬಿಟ್ಟ ಹಾಗೆ ಹೊರಟರು. ತೃಷಾ ಹಾಗೆ ಹೊರಡಲಿಲ್ಲ. ಮಣಿಕಟ್ಟು ನೋಡಿ, ತಲೆ ತಗ್ಗಿಸಿ, ಒಂದೇ ಸಮನೆ ಓಡಿದಳು. ಅಂತರ ಬೆಳೆಯುತ್ತಾ ಹೋಯಿತು.

ರಾಮಪ್ರಸಾದ್ ಸರ್ ನನ್ನ ಪಕ್ಕಕ್ಕೆ ಬಂದು ನಿಂತರು. "ಹೇಳಿದ್ರಾ?"

"ಹೇಳಿದೆ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಎರಡೂವರೆ ಕಿಲೋಮೀಟರಿನ ಸುತ್ತನ್ನು ಎರಡು ಸಲ ಓಡಬೇಕಿತ್ತು. ಎರಡನೆಯ ಸುತ್ತಿನ ತಿರುವಿನಲ್ಲಿ ಮೈಸೂರಿನ ಹುಡುಗಿ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಳು. ತೃಷಾ ಅವಳನ್ನು ದಾಟಿದಳು. ಕೊನೆಯ ಕಿಲೋಮೀಟರಿನಲ್ಲಿ ಅವಳು ಮಣಿಕಟ್ಟು ನೋಡುವುದನ್ನು ಬಿಟ್ಟಿದ್ದಳು. ಬಾಯಿ ತೆರೆದು, ಭುಜ ಏರಿಸದೆ, ಚಿಕ್ಕವಳಿದ್ದಾಗ ಶಾಲೆಯ ಬೆಲ್ಲಿಗೆ ಓಡುತ್ತಿದ್ದ ಹಾಗೆಯೇ ಓಡುತ್ತಿದ್ದಳು. ಹಫ್ಸಳ ಬೆನ್ನು ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ನಾನು ದಾರಿಯ ಬದಿಗೆ ಕಟ್ಟಿದ್ದ ಹಗ್ಗವನ್ನು ಬಿಗಿಹಿಡಿದು ಏನೋ ಕೂಗಿದೆ.

ದೀಕ್ಷಿತಾ ಮೊದಲು, ಹಫ್ಸ ಎರಡನೆಯವಳು. ಆರು ಸೆಕೆಂಡ್ ಹಿಂದೆ ತೃಷಾ.

ಆಯ್ಕೆಯಾದವರು ಇಬ್ಬರು. ಮೂರನೆಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಕಾಲಿಗೆ ಕಟ್ಟಿದ ಟೈಮಿಂಗ್ ಚಿಪ್‌ನ ಸಮಯ ಬಂದಾಗ ಸರ್ ಕಾಗದವನ್ನು ನನ್ನ ಕೈಗೆ ಕೊಟ್ಟರು. ಓಟಕ್ಕೆ ತೃಷಾ ತೆಗೆದುಕೊಂಡದ್ದು ಹತ್ತೊಂಬತ್ತು ನಿಮಿಷ ಒಂಬತ್ತು ಸೆಕೆಂಡ್. ಅಂದು ಓಡಿದ ಹುಡುಗಿಯರಲ್ಲಿ ಅದಕ್ಕಿಂತ ಕಡಿಮೆ ಯಾರದ್ದೂ ಇರಲಿಲ್ಲ. ಗುರುವಾರವೇ ಹೇಳಿದ್ದರೆ ಸರಿಯಾದ ವೇಗದಲ್ಲಿ ಓಡಿನೋಡಲು ಅವಳಿಗೆ ಎರಡು ಬೆಳಗು ಸಿಗುತ್ತಿತ್ತು. ಆಗ ಆರು ಸೆಕೆಂಡ್ ಸಿಗುತ್ತಿತ್ತೇ? ಅಥವಾ ಹೇಳಲೇಬಾರದಿತ್ತೇ? ನಾನು ಎರಡನ್ನೂ ತೂಗುತ್ತ ನಿಂತಿದ್ದೆ.

ತೃಷಾ ಟವೆಲ್ ಹೊದ್ದು ಕಟ್ಟೆಯ ಮೇಲೆ ಕುಳಿತಿದ್ದಳು. ಕಾಗದವನ್ನು ನೋಡಿ ಮಡಚಿದಳು.

"ನೀನು ಎಂತ ಯೋಚನೆ ಮಾಡ್ತಾ ಇದ್ದಿ ಅಂತ ಗೊತ್ತುಂಟು," ಎಂದಳು. "ಬೇಡ. ಆ ಆರು ಸೆಕೆಂಡ್ ನೀರಿನಲ್ಲಿ ಹೋದದ್ದು. ಓಟದಲ್ಲಿ ಅಲ್ಲ."

"ಆದರೂ..."

"ಮೂರು ಮೂವತ್ತೆಂಟರಲ್ಲಿ ಹೊರಟಿದ್ರೆ ನಾನೂ ಆ ಮೈಸೂರಿನವಳ ಹಾಗೆ ಸೊಂಟ ಹಿಡ್ಕೊಂಡು ಬರ್ತಿದ್ದೆ ಅಮ್ಮ." ಅವಳು ಟವೆಲಿನಿಂದ ಮುಖ ಒರೆಸಿಕೊಂಡಳು. ಬೆವರೊಂದೇ ಅಲ್ಲ. ನಾನು ಪಕ್ಕದಲ್ಲಿ ಕುಳಿತೆ. ಮುಟ್ಟಲು ಧೈರ್ಯವಾಗಲಿಲ್ಲ.

"ನಾಳೆ ಪೂಲ್ ಉಂಟಾ?"

"ಸೋಮವಾರ ರಜೆ."

"ಹಾಗಾದ್ರೆ ಮಂಗಳವಾರ. ನಾನು ಒಬ್ಬಳೇ ಬಸ್ಸಿನಲ್ಲಿ ಬರ್ತೇನೆ. ನೀನು ಬರುವುದು ಬೇಡ."

"ಆಯ್ತು," ಎಂದೆ.

ಅವಳು ಷೂವಿನ ದಾರ ಬಿಚ್ಚಿದಳು, ಒಂದು ಕಾಲಿನದ್ದು, ಆಮೇಲೆ ಇನ್ನೊಂದರದ್ದು.

"ಬರುವುದಾದ್ರೆ ಬಾ," ಎಂದಳು. "ಆದ್ರೆ ಟೈಮ್ ನಾನೇ ನೋಡ್ತೇನೆ."