ಒಂದೂ ಕಾಗುಣಿತ ತಪ್ಪಿಲ್ಲದ ಮನೆ

ಮೂವತ್ತೊಂದು ವರ್ಷ ಒಂದೇ ಮುದ್ರಣಾಲಯದಲ್ಲಿ ಕೂತು ಕರಡು ತಿದ್ದಿದ ಹೆಂಗಸಿಗೆ ಅಲ್ಲಿನವರು ಇಟ್ಟ ಹೆಸರು ಕರಡಕ್ಕ. ನಿವೃತ್ತಿಯ ದಿನ ಮಾಲೀಕರು ಆಕೆಗೊಂದು ಅಭಿನಂದನಾ ಪತ್ರ ಕೊಟ್ಟರು. ಅದರಲ್ಲಿ ಎರಡು ತಪ್ಪುಗಳಿದ್ದವು. ಕರಡಕ್ಕ ಮುಡಿಯಲ್ಲಿ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ಸಿಲು ತೆಗೆದು, ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗಲೇ ಅವನ್ನು ತಿದ್ದಿ, ಪತ್ರವನ್ನು ಮಾಲೀಕರ ಕೈಗೇ ವಾಪಸು ಕೊಟ್ಟಳು. ಸರಿಪಡಿಸಿ ಕಳಿಸುತ್ತೇವೆ ಎಂದರು. ಇನ್ನೂ ಕಳಿಸುತ್ತಿದ್ದಾರೆ.

ಅದೇ ವರ್ಷ ಆಕೆಯ ಸೋದರತ್ತೆ ತೀರಿಕೊಂಡು, ಸಮುದ್ರದ ನಡುವಿನ ಒಂದು ಸಣ್ಣ ದ್ವೀಪದಲ್ಲಿದ್ದ ಜಾಗವನ್ನು ಕರಡಕ್ಕನಿಗೂ ಅವಳ ತಮ್ಮನಿಗೂ ಜಂಟಿಯಾಗಿ ಬಿಟ್ಟುಹೋದಳು. ಸೋದರತ್ತೆ ಆ ಜಾಗವನ್ನು ನೋಡಿದ್ದು ಒಂದೇ ಸಲ. ಹೋಗುವಾಗಲೂ ವಾಂತಿ, ಬರುವಾಗಲೂ ವಾಂತಿ. ಅಷ್ಟು ಪ್ರೀತಿಯ ಆಸ್ತಿಯನ್ನು ಅವಳು ಬೇರೆ ಯಾರಿಗೆ ತಾನೇ ಕೊಟ್ಟಾಳು?

ತಮ್ಮ ಲಿಫ್ಟ್ ರಿಪೇರಿಯವನು. ನಡುವೆ ನಿಂತುಹೋದ ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಹೊರಗಿನಿಂದ ಧೈರ್ಯ ಹೇಳಿ ಹೇಳಿ, ತನಗೆ ಗೊತ್ತಿಲ್ಲದ ವಿಷಯದಲ್ಲೂ ಧೈರ್ಯವಾಗಿ ಮಾತಾಡುವುದು ಅವನಿಗೆ ರೂಢಿಯಾಗಿತ್ತು. ದ್ವೀಪದಲ್ಲಿ ಇಟ್ಟಿಗೆ ಇಲ್ಲ, ಕಟ್ಟಡಕ್ಕಾಗುವ ಮರಳಿಲ್ಲ, ಗಾರೆಯವರೂ ಇಲ್ಲ. ಹಾಗಾಗಿ ಕಿಟ್ ಮನೆಯೇ ಸರಿ ಎಂದು ಅವನು ಮೊದಲ ದಿನವೇ ತೀರ್ಮಾನ ಕೊಟ್ಟ. ಗೋಡೆ, ಚಾವಣಿ, ಬಾಗಿಲು, ಕಿಟಕಿ ಎಲ್ಲವನ್ನೂ ಕಾರ್ಖಾನೆಯಲ್ಲೇ ಕತ್ತರಿಸಿ, ನಂಬರು ಹಾಕಿ, ಬೋಲ್ಟುಗಳ ಸಮೇತ ಕಳಿಸುತ್ತಾರೆ. ನಾಲ್ಕು ಜನ ಸೇರಿದರೆ ಹತ್ತು ದಿನದಲ್ಲಿ ಮನೆ ಎದ್ದು ನಿಲ್ಲುತ್ತದೆ. ಮಾಡಬೇಕಾದ ಕೆಲಸ ಒಂದೇ, ಯಾರ ಕಿಟ್ ಒಳ್ಳೆಯದು ಎಂದು ಹೋಲಿಸಿ ನೋಡುವುದು.

ಹೋಲಿಸುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕರಡಕ್ಕನಿಗೆ ಮತ್ತೆ ನೌಕರಿ ಸಿಕ್ಕಷ್ಟು ಹುರುಪು ಬಂತು.

ಮೊದಲು ತಮ್ಮನ ಆಯ್ಕೆಯ ಶೋರೂಮಿಗೆ ಹೋದರು. ಒಂದು ಫುಟ್‌ಬಾಲ್ ಮೈದಾನವಾಗುವಷ್ಟು ದೊಡ್ಡ ಸೂರಿನ ಕೆಳಗೆ ಏಳು ಮನೆಗಳು, ಮಳೆ ಬಿಸಿಲುಗಳ ಗೊಡವೆಯಿಲ್ಲದೆ, ಏಸಿಯ ತಂಪಿನಲ್ಲಿ ನಿಂತಿದ್ದವು. ಟೈ ಕಟ್ಟಿದ ಮಾರಾಟದವನು ಕೈಕುಲುಕಿದ. ತಮ್ಮ ಗಂಟಲು ಸರಿಮಾಡಿಕೊಂಡು, ನಮಗೆ ಐಲ್ಯಾಂಡ್ ಮನೆ ಬೇಕು, ಅದರಲ್ಲಿ ನಿಮ್ಮ ಅನುಭವ ಎಷ್ಟು ಎಂದು ಕೇಳಿದ. ಅದರಲ್ಲಿ ನಾವೇ ಮುಂದೆ ಎಂದ ಮಾರಾಟದವನು ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದು, ನಟ್ಟನಡುವೆ ನಿಂತಿದ್ದ ಕಲ್ಲಿನ ಕಟ್ಟೆಯನ್ನು ತೋರಿಸಿದ. ಐಲ್ಯಾಂಡ್ ಅದೇ. ಸುತ್ತಲೂ ಓಡಾಡಿಕೊಂಡು ತರಕಾರಿ ಹೆಚ್ಚಬಹುದಂತೆ. ತಮ್ಮ ಅದರ ಸುತ್ತ ಒಂದು ಸುತ್ತು ಹಾಕಿ, ಕಲ್ಲನ್ನು ಬೆರಳಿನಿಂದ ಕುಟ್ಟಿ, ಗಟ್ಟಿಯಿದೆ ಎಂದ. ಕರಡಕ್ಕ ಹೊರಗೆ ಬಂದಮೇಲೆ ಬಸ್ಸು ಸಿಗುವವರೆಗೂ ನಕ್ಕಳು.

ಎರಡನೆಯವನು ಊರ ಹೊರಗಿನ ಬಡಗಿ. ಅವನ ಹೆಸರು ಹೇಳಿದ್ದು ದ್ವೀಪಕ್ಕೆ ಸಾಮಾನು ಸಾಗಿಸುವ ದೋಣಿಯವನು. ತಗಡಿನ ಶೆಡ್ಡು, ಮೊಣಕಾಲವರೆಗೆ ಮರದ ಹೊಟ್ಟು, ಮೂಲೆಯಲ್ಲಿ ಅರ್ಧ ಮುಗಿದ ಒಂದು ಏಣಿ. ಬಡಗಿ ಕಿವಿಯ ಸಂದಿಯ ಪೆನ್ಸಿಲನ್ನು ತೆಗೆಯದೆಯೇ ಪ್ರಶ್ನೆ ಕೇಳಲು ಶುರುಮಾಡಿದ. ದೋಣಿಯಲ್ಲಿ ಸಾಮಾನಿಡುವ ಅಟ್ಟಣಿಗೆ ಎಷ್ಟುದ್ದ? ನೀರಿಳಿದಾಗ ದೋಣಿ ದಡ ಮುಟ್ಟುತ್ತದೆಯೋ ಇಲ್ಲವೋ? ಗಾಳಿ ಯಾವ ಕಡೆಯಿಂದ ಹೆಚ್ಚು? ಕರಡಕ್ಕನಿಗೆ ಇದು ವಿಚಿತ್ರವೆನಿಸಿತು. ಕೊಳ್ಳುವವರು ತಾವೋ ಇವನೋ? ನಿಮ್ಮ ಕ್ಯಾಟಲಾಗ್ ಕೊಡಿ ಎಂದಳು. ಅವನ ಬಳಿ ಕ್ಯಾಟಲಾಗ್ ಇರಲಿಲ್ಲ. ಒಂದು ಗೆರೆ ಹಾಳೆಯ ಮೇಲೆ ಅಲ್ಲೇ ಬರೆದುಕೊಟ್ಟ.

ಗೋಡೆಗೆ ದೀರ್ಘವಿರಲಿಲ್ಲ. ಬಾಗಿಲು ಬಾಗಿಳಾಗಿತ್ತು. ಕಿಟಕಿ ಕಿಠಕಿಯಾಗಿ ಕಟಕಟ ಹಲ್ಲು ಕಡಿಯುತ್ತಿತ್ತು. ಒಂದೇ ಹಾಳೆಯಲ್ಲಿ ಹತ್ತೊಂಬತ್ತು ತಪ್ಪು. ಕರಡಕ್ಕ ಅಲ್ಲೇ ಮುಕ್ಕಾಲಿಯ ಮೇಲೆ ಕೂತು, ಒಂದನ್ನೂ ಬಿಡದೆ ತಿದ್ದಿ, ಹಾಳೆಯನ್ನು ಹಿಂದಕ್ಕೆ ಕೊಟ್ಟಳು. ಬಡಗಿ ಅದನ್ನು ಬೆಳಕಿಗೆ ಹಿಡಿದು ನೋಡಿದ.

“ತಿದ್ದಿದ್ದು ಒಳ್ಳೇದಾಯ್ತು ಮೇಡಂ. ಅಳತೆ ನೋಡಿದ್ರಾ?”

ಅಳತೆಯನ್ನು ಆಕೆ ನೋಡಿರಲಿಲ್ಲ. ಅದು ಅಂಕಿ, ಅಂಕಿಗೆ ಕಾಗುಣಿತವಿಲ್ಲ. ಬಾಗಿಲು ಬರೆಯಲು ಬಾರದವನು ಬಾಗಿಲು ಹೇಗೆ ಮಾಡಿಯಾನು ಎಂದು ಹಿಂತಿರುಗುವಾಗ ದಾರಿಯುದ್ದಕ್ಕೂ ತಮ್ಮನ ತಲೆ ತಿಂದಳು. ಕಾಗುಣಿತವೆಂದರೆ ಅಷ್ಟಕ್ಕಷ್ಟೇ ಆಗಿದ್ದ ತಮ್ಮನೂ, ಅಡುಗೆಕಟ್ಟೆಯ ಅವಮಾನ ಹಸಿಯಾಗಿದ್ದುದರಿಂದ, ಹೌದು ಹೌದು ಎಂದ.

ಮೂರನೆಯ ಕಂಪನಿಯವರು ಯಾರೂ ಮುಖ ತೋರಿಸಲಿಲ್ಲ. ಅಂಚೆಯಲ್ಲಿ ಕ್ಯಾಟಲಾಗ್ ಕಳಿಸಿದರು. ಅರವತ್ತನಾಲ್ಕು ಪುಟ, ದಪ್ಪ ಕಾಗದ, ಹೊಲಿದ ಬೈಂಡಿಂಗು. ಕರಡಕ್ಕ ಕೆಂಪು ಪೆನ್ಸಿಲು ಮೊನೆ ಮಾಡಿಕೊಂಡು ಕೂತಳು. ಮೊದಲ ಓದಿನಲ್ಲಿ ತಪ್ಪು ಸಿಗಲಿಲ್ಲ. ಎರಡನೆಯ ಓದಿನಲ್ಲೂ ಸಿಗಲಿಲ್ಲ. ಮೂರನೆಯದರಲ್ಲಿ ನಲವತ್ತೊಂದನೆಯ ಪುಟದ ಒಂದು ಒತ್ತಕ್ಷರ ಅನುಮಾನ ಹುಟ್ಟಿಸಿತು. ಸದ್ಯ, ಸಿಕ್ಕಿತಲ್ಲ ಎಂದು ನಿಘಂಟು ತೆಗೆದು ನೋಡಿದರೆ ಕ್ಯಾಟಲಾಗೇ ಸರಿ. ಮೂವತ್ತೊಂದು ವರ್ಷಗಳಲ್ಲಿ ನಿಘಂಟು ಆಕೆಯ ವಿರುದ್ಧ ತೀರ್ಪು ಕೊಟ್ಟದ್ದು ಅದೇ ಮೊದಲು. ಆಕೆ ಕನ್ನಡಕ ತೆಗೆದಿಟ್ಟಳು. ಇಷ್ಟು ನಿಷ್ಠೆಯಿಂದ ಅಕ್ಷರ ಜೋಡಿಸಿದವರು ಗೋಡೆ ಜೋಡಿಸದೆ ಇರುತ್ತಾರೆಯೇ? ಮಾರನೆಯ ದಿನವೇ ತಮ್ಮನ ಸಹಿ ಹಾಕಿಸಿ ಆರ್ಡರು ಕಳಿಸಿದಳು.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ದೋಣಿ ಹೊರಡುವ ಜೆಟ್ಟಿಗೆ ಲಾರಿ ಬಂದು ಸಾಮಾನು ಇಳಿಸಿತು. ಇಪ್ಪತ್ತಮೂರು ಗೋಡೆ ಪ್ಯಾನೆಲ್, ಪ್ರತಿಯೊಂದೂ ಹದಿನಾರು ಅಡಿ ಉದ್ದ. ಎಲ್ಲದರ ಮೂಲೆಯಲ್ಲೂ ಮುದ್ದಾದ ಅಕ್ಷರದಲ್ಲಿ ನಂಬರು. ಚಾಲಕ ಸಹಿ ಹಾಕಿಸಿಕೊಂಡು ಹೊರಟುಹೋದ. ದೋಣಿಯವನು ಪ್ಯಾನೆಲ್‌ಗಳನ್ನು ನೋಡಿದ, ತನ್ನ ದೋಣಿಯನ್ನು ನೋಡಿದ, ಮತ್ತೆ ಪ್ಯಾನೆಲ್‌ಗಳನ್ನು ನೋಡಿದ. ಅವನ ದೋಣಿಯ ಅಟ್ಟಣಿಗೆ ಹನ್ನೊಂದು ಅಡಿ.

“ಇದು ಹೋಗಲ್ಲ,” ಎಂದ.

ನಿಲ್ಲಿಸಿ ಒಯ್ದರಾಯಿತು ಎಂದು ತಮ್ಮ ಸಲಹೆ ಕೊಟ್ಟ. ಹದಿನಾರು ಅಡಿ ಗೋಡೆಗೆ ಗಾಳಿ ಬಡಿದರೆ ದೋಣಿ ದ್ವೀಪಕ್ಕೆ ಹೋಗದೆ ಇನ್ಯಾವುದೋ ದೇಶಕ್ಕೆ ಹೋಗುತ್ತದೆ ಎಂದು ದೋಣಿಯವನು ತಾಳ್ಮೆಯಿಂದ ವಿವರಿಸಿದ. ಹಾಗಾದರೆ ನೀರಿನಲ್ಲಿ ತೇಲಿಸಿ ಎಳೆಯೋಣ ಎಂದ ತಮ್ಮ. ಒಳಗೆ ತುಂಬಿರುವುದೆಲ್ಲ ಹಗುರ, ತೇಲದೆ ಏನು ಮಾಡುತ್ತದೆ? ಯಾರು ಬೇಡವೆಂದರೂ ಕೇಳದೆ ಏಳನೆಯ ನಂಬರಿನ ಪ್ಯಾನೆಲ್ಲಿಗೆ ಹಗ್ಗ ಕಟ್ಟಿಸಿದ. ಮೊದಲು ಅದು ಬಾತುಕೋಳಿಯಂತೆ ತೇಲಿತು. ತಮ್ಮ ಸೊಂಟದ ಮೇಲೆ ಕೈಯಿಟ್ಟು ಅಕ್ಕನ ಕಡೆ ತಿರುಗಿದ. ಅಷ್ಟರಲ್ಲಿ ಪ್ಯಾನೆಲ್ ನೀರು ಕುಡಿಯಲು ಶುರುಮಾಡಿತು. ಕುಡಿದು ಕುಡಿದು ಹೊಟ್ಟೆ ಉಬ್ಬಿಸಿಕೊಂಡು, ದೋಣಿಯನ್ನೂ ಜತೆಗೆ ಕರೆದೊಯ್ಯುವ ಹವಣಿಕೆಯಲ್ಲಿದ್ದಾಗ ದೋಣಿಯವನು ಚಾಕುವಿನಿಂದ ಹಗ್ಗ ಕತ್ತರಿಸಿದ. ಏಳನೆಯ ಗೋಡೆ ತಳ ಸೇರಿತು. ತಮ್ಮನಿಗೆ ಥಟ್ಟನೆ ಯಾವುದೋ ಲಿಫ್ಟು ಕೆಟ್ಟಿರುವುದು ನೆನಪಾಗಿ ಮಧ್ಯಾಹ್ನದ ಬಸ್ಸು ಹಿಡಿದ.

ಕರಡಕ್ಕ ಜೆಟ್ಟಿಯ ಕಲ್ಲಿನ ಮೇಲೆ ಕೂತು ಕಂಪನಿಗೆ ಫೋನು ಮಾಡಿದಳು. ಆ ಕಡೆಯ ಹೆಣ್ಣುಮಗಳ ಭಾಷೆ ಕ್ಯಾಟಲಾಗಿನಷ್ಟೇ ಶುದ್ಧ.

“ತಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ. ತಾವು ದಯವಿಟ್ಟು ಐವತ್ತೆಂಟನೆಯ ಪುಟವನ್ನು ಗಮನಿಸಬೇಕು.”

ಐವತ್ತೆಂಟನೆಯ ಪುಟ ಕರಡಕ್ಕನಿಗೆ ಬಾಯಿಪಾಠವಾಗಿತ್ತು. ಗ್ರಾಹಕರ ನಿವೇಶನಕ್ಕೆ ಅತಿ ಸಮೀಪದ, ಲಾರಿ ತಲುಪಬಹುದಾದ, ಸ್ಥಳದವರೆಗೆ ಉಚಿತವಾಗಿ ತಲುಪಿಸಲಾಗುವುದು. ಮೂರು ಸಲ ಓದಿದ್ದಳು. ಎರಡೂ ಅಲ್ಪವಿರಾಮಗಳು ಎಷ್ಟು ಸರಿಯಾದ ಜಾಗದಲ್ಲಿವೆ ಎಂದು ಮೆಚ್ಚಿಕೊಂಡಿದ್ದಳು. ಅವುಗಳ ನಡುವೆ ಒಂದು ಇಡೀ ಸಮುದ್ರ ಬಿದ್ದಿರುವುದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಪ್ಯಾನೆಲ್ ಕತ್ತರಿಸಬಹುದೇ ಎಂದು ಕೇಳಿದಳು. ಅವಶ್ಯವಾಗಿ ಕತ್ತರಿಸಬಹುದು, ಕತ್ತರಿಸಿದ ಕ್ಷಣದಿಂದ ಗ್ಯಾರಂಟಿ ಇರುವುದಿಲ್ಲ, ಶುಭ ದಿನ ಎಂದು ಹೇಳಿ ಆಕೆ ಫೋನಿಟ್ಟಳು.

ಇನ್ನೊಬ್ಬರ ತಪ್ಪು ಹುಡುಕಿಯೇ ಅನ್ನ ತಿಂದವಳಿಗೆ ತನ್ನ ತಪ್ಪು ಕಂಡಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಂಚಿನಲ್ಲಿ ಗುರುತು ಹಾಕಿ ಮಾಲೀಕರಿಗೆ ಕಳಿಸುವ ಹಾಗಿರಲಿಲ್ಲ. ಕೊನೆಗೆ ಎದ್ದು, ಸಾಮಾನಿಗೆ ಟಾರ್ಪಾಲು ಹೊದಿಸಲು ದೋಣಿಯವನಿಗೆ ಹೇಳಿ, ಎರಡು ಬಸ್ಸು ಬದಲಿಸಿ ಬಡಗಿಯ ಶೆಡ್ಡಿಗೆ ಹೋದಳು. ದಾರಿಯಲ್ಲಿ ಕ್ಷಮೆಯ ಮಾತನ್ನು ನಾಲ್ಕು ಬಗೆಯಲ್ಲಿ ರಚಿಸಿ, ನಾಲ್ಕನ್ನೂ ತಿದ್ದಿ, ನಾಲ್ಕನ್ನೂ ಹೊಡೆದುಹಾಕಿದಳು. ಬಡಗಿ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ನಡೆದುದನ್ನೆಲ್ಲ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಉಜ್ಜಿದ.

“ಕ್ಯಾಟಲಾಗ್ ಚೆನ್ನಾಗಿತ್ತಾ ಮೇಡಂ?”

“ತುಂಬಾ ಚೆನ್ನಾಗಿತ್ತು.”

“ಹಾಗಿದ್ರೆ ಅದೊಂದು ಬಂತಲ್ಲ ಕೈಗೆ.”

ಕರಡಕ್ಕನ ಮುಖ ಕೆಂಪಾಯಿತು. ಅವನ ಮುಖದಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ತಿಳಿಯಲಿಲ್ಲ. ಉಜ್ಜುಗೊರಡಿನ ಕಡೆಗೇ ನೋಡುತ್ತಿದ್ದ. “ತಪ್ಪು ನಂದೇ. ನಿಮ್ಮ ಹಾಳೆ ನಾನು ಸರಿಯಾಗಿ ಓದಲಿಲ್ಲ,” ಎಂದಳು. ಆ ಮಾತನ್ನು ಬಸ್ಸಿನಲ್ಲಿ ಆಕೆ ಸಿದ್ಧ ಮಾಡಿಕೊಂಡೇ ಇರಲಿಲ್ಲ. ಬಡಗಿ ತಲೆಯಾಡಿಸಿ, ಕೈಯಲ್ಲಿರುವ ಏಣಿ ಮುಗಿಯಬೇಕು, ಗುರುವಾರ ಬರುತ್ತೇನೆ ಎಂದ.

ಗುರುವಾರ ಬಂದು, ಜೆಟ್ಟಿಯ ಮೇಲೆಯೇ ಗರಗಸ ಹೂಡಿ, ಪ್ರತಿಯೊಂದು ಪ್ಯಾನೆಲನ್ನೂ ನಡುವೆ ಕೊಯ್ದ. ಕೊಯ್ದ ಬಾಯಿಗೆ ಮರದ ಪಟ್ಟಿ ಕೂರಿಸಿದ. ಕಂಪನಿಯ ಬೋಲ್ಟುಗಳನ್ನು ಕೈಯಲ್ಲಿ ತೂಗಿ, ಉಪ್ಪುಗಾಳಿಗೆ ಇವು ಎರಡು ವರ್ಷವೂ ಬಾಳವು ಎಂದು, ತಾನೇ ತಂದಿದ್ದ ಬೇರೆ ಬೋಲ್ಟುಗಳನ್ನು ತೆಗೆದಿಟ್ಟ. ತುಂಡುಗಳ ಮೇಲೆ ಸೀಮೆಸುಣ್ಣದಲ್ಲಿ ‘ಯಡ’, ‘ಬಳ’ ಎಂದು ಬರೆಯುತ್ತಾ ಹೋದ. ಕರಡಕ್ಕನ ಕೈ ತಾನಾಗಿ ಮುಡಿಗೆ ಹೋಯಿತು. ಅಷ್ಟರಲ್ಲಿ ದೋಣಿಯವನು ಬಂದು, ಯಡವನ್ನು ಎಡಕ್ಕೂ ಬಳವನ್ನು ಬಲಕ್ಕೂ ಪೇರಿಸಿ, ಒಂದು ಮಾತೂ ಕೇಳದೆ ಹೊರಟ. ಆಕೆ ಕೈಯನ್ನು ಕೆಳಗಿಳಿಸಿ, ಅದೇ ಕೈಯಿಂದ ಮುಂದಿನ ತುಂಡಿನ ಒಂದು ಕೊನೆ ಹಿಡಿದಳು.

ಒಂಬತ್ತು ಸಲ ದೋಣಿ ಹೋಗಿ ಬಂತು. ಎರಡು ವಾರದಲ್ಲಿ ಮನೆ ನಿಂತಿತು: ಎರಡು ಕೋಣೆ, ಒಂದು ಅಡುಗೆಮನೆ, ಸಮುದ್ರಕ್ಕೆ ಮುಖ ಮಾಡಿದ ಒಂದು ಜಗಲಿ. ಮುಳುಗಿದ ಏಳನೆಯ ಗೋಡೆಯ ಜಾಗಕ್ಕೆ ಬಡಗಿ ತನ್ನ ಶೆಡ್ಡಿನ ಹಳೆಯ ಹಲಗೆಗಳನ್ನೇ ತಂದು ಒಂದರ ಮೇಲೊಂದು ಹತ್ತಿಸಿ ಹೊಡೆದ. ಬಿಳಿ ಗೋಡೆಗಳ ನಡುವೆ ಅದು ಹೊಸ ಅಂಗಿಗೆ ಹಾಕಿದ ತೇಪೆಯಂತೆ ಕಾಣುತ್ತಿತ್ತು. ಎಲ್ಲ ಮುಗಿದಮೇಲೆ ತಮ್ಮ ಹೆಂಡತಿ ಮಕ್ಕಳೊಂದಿಗೆ ಬಂದ. ಲಿಫ್ಟು ಅಷ್ಟರಲ್ಲಿ ಸರಿಹೋಗಿತ್ತು. ಮನೆಯನ್ನೆಲ್ಲ ತಿರುಗಿ, ಗೋಡೆ ಗೋಡೆಯನ್ನೂ ಕುಟ್ಟಿ ನೋಡಿ, ಕತ್ತರಿಸಿ ಸಾಗಿಸುವ ಉಪಾಯ ತನಗೆ ಮೊದಲೇ ಹೊಳೆದಿತ್ತೆಂದು ಹೆಂಡತಿಗೆ ವಿವರಿಸಿದ. ಆ ತೇಪೆಯೊಂದು ಅಸಹ್ಯ, ಕಂಪನಿಯಿಂದ ಇನ್ನೊಂದು ಪ್ಯಾನೆಲ್ ತರಿಸಿ ಹಾಕಿಸೋಣ ಎಂದೂ ಸೇರಿಸಿದ.

“ತರಿಸು ಕಣೋ,” ಎಂದಳು ಕರಡಕ್ಕ. “ಈ ಸಲ ನೀನೇ ಈಜಿಕೊಂಡು ತಗೊಂಡು ಬಾ.”

ಹೆಂಡತಿ ನಕ್ಕಿದ್ದರಿಂದ ಆ ವಿಷಯ ಅಲ್ಲಿಗೆ ಮುಗಿಯಿತು.

ಮಳೆಗಾಲದ ಮೊದಲ ವಾರ ಕರಡಕ್ಕ ಒಬ್ಬಳೇ ಅಲ್ಲಿದ್ದಳು. ಮಧ್ಯಾಹ್ನ ಊಟ ಮುಗಿಸಿ ಮಲಗುವ ಹೊತ್ತಿಗೆ ಗಾಳಿ ಎದ್ದು, ಮಳೆ ಅಡ್ಡಡ್ಡ ಬೀಸತೊಡಗಿತು. ಒಂದು ಗಂಟೆಯಲ್ಲಿ ಕೋಣೆಯ ಮೂರೂ ಬಿಳಿ ಗೋಡೆಗಳು ಕೆಳಗಿನಿಂದ ಬೆವರಿದವು. ಬಡಗಿ ಕೊಯ್ದು ಜೋಡಿಸಿದ ಕಡೆಯಲ್ಲ, ಕಾರ್ಖಾನೆಯವರೇ ಅಂಟಿಸಿದ ಅಂಚಿನಲ್ಲಿ. ಹಲಗೆ ಗೋಡೆ ಮಾತ್ರ ಒಣಗಿಯೇ ಇತ್ತು. ಅಷ್ಟರಲ್ಲಿ ತಮ್ಮನ ಫೋನು ಬಂತು. ಮಳೆಯ ಸುದ್ದಿ ಕೇಳಿದ್ದನಂತೆ. ಆಕೆ ಗೋಡೆಗಳ ವಿಷಯ ಹೇಳಿದಳು. ಗೋಡೆ ಬೆವರುವುದಕ್ಕೆ ಕಾರಣ ಒಳಗಿನ ಉಸಿರು, ಹೊರಗಿನ ಮಳೆಯಲ್ಲ. ಅಕ್ಕ ಸ್ವಲ್ಪ ಕಡಿಮೆ ಉಸಿರಾಡಿದರೆ ಸರಿಹೋಗುತ್ತದೆ ಎಂಬ ಅರ್ಥದಲ್ಲಿ ಶುರುಮಾಡಿ, ತಾನು ಕಂಡ ಒದ್ದೆ ಲಿಫ್ಟುಗಳ ಕಥೆಗೆ ಹೊರಳಿದ. ಕರಡಕ್ಕ ಫೋನನ್ನು ದಿಂಬಿನ ಮೇಲಿಟ್ಟು, ಅವನು ಮಾತಾಡುತ್ತಿರುವಂತೆಯೇ, ಮಂಚವನ್ನು ಹಲಗೆ ಗೋಡೆಯ ಪಕ್ಕಕ್ಕೆ ಎಳೆದುಕೊಂಡು, ಹೊದ್ದು ಮಲಗಿದಳು.