ಹಗ್ಗ ದಾಟಿದರೆ ಮಾತಿಲ್ಲ

ಮಾತನ್ನೇ ಉಂಡು ಮಾತನ್ನೇ ಉಟ್ಟು ಬದುಕಿದ ಮನುಷ್ಯನೊಬ್ಬ ಮೌನದಿಂದ ಹೆಸರು ಪಡೆದದ್ದನ್ನು ನೋಡಬೇಕಾದರೆ ಕಮಲಾಪುರದ ಗೈಡ್ ಕೊಟ್ರಯ್ಯನವರನ್ನು ನೋಡಬೇಕು. ಹಂಪಿಯ ಕಲ್ಲುಗಳ ನಡುವೆ ಪ್ರವಾಸಿಗರಿಗೆ ಕಥೆ ಹೇಳುತ್ತಲೇ ಅವರ ತಲೆ ನರೆತಿದೆ. ಆದರೆ ಕೇಳುಗರಲ್ಲೊಬ್ಬ ಫೋಟೊದ ಚಪಲಕ್ಕೆ ಕೆತ್ತನೆಯ ಆನೆಯ ಮೇಲೆ ಬೂಟುಗಾಲಿಟ್ಟು ಹತ್ತಿದನೋ, ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಬೈಯುವುದಿಲ್ಲ, ಕೈ ಎತ್ತುವುದಿಲ್ಲ. ಕಥೆಯಲ್ಲಿ ಯುದ್ಧಕ್ಕೆ ಹೊರಟ ರಾಯರನ್ನು ಕುದುರೆಯ ಮೇಲೆಯೇ ಬಿಟ್ಟು, ಕೈಕಟ್ಟಿ, ಆಕಾಶ ನೋಡುತ್ತ ನಿಂತುಬಿಡುತ್ತಾರೆ. ಕಥೆಯ ರುಚಿ ಹತ್ತಿದ ಗುಂಪೇ ಕೊನೆಗೆ ಆ ಮಹಾಶಯನನ್ನು ಕೆಳಗಿಳಿಸುತ್ತದೆ.

ನಡಿಗೆಯೂ ಅವರದೇ. ಬಂಡೆಯಿಂದ ಬಂಡೆಗೆ ದಾಟಿ ಅಭ್ಯಾಸವಾದ ಪಾದಗಳು. ಹೊಸಪೇಟೆಯ ಡಾಂಬರು ರಸ್ತೆಯಲ್ಲೂ ಮುಂದಿನ ಹೆಜ್ಜೆಯನ್ನು ಮೊದಲು ಮೆಲ್ಲಗೆ ಊರಿ, ನೆಲದ ಅಭಿಪ್ರಾಯ ಕೇಳಿಕೊಂಡು, ಆಮೇಲಷ್ಟೇ ಮೈಯ ಭಾರ ಬಿಡುತ್ತಾರೆ. ಕಲ್ಲುಗಳು ಕಾದ ಹಂಚಾಗುವ ಬೇಸಿಗೆಯಲ್ಲೂ ಮೈಮೇಲೆ ಕರಿಯ ಕೋಟು, ಅದರ ಒಂದು ಜೇಬಿನಲ್ಲಿ ಕಲ್ಲುಸಕ್ಕರೆ, ಇನ್ನೊಂದರಲ್ಲಿ ಕಾಳುಮೆಣಸು. ಸೆಕೆಯಾಗುವುದಿಲ್ಲವೇ ಎಂದರೆ, "ಕೇಳ್ರಿಲ್ಲೆ, ಸೆಕಿ ಆಗೂದು ಮೈಗೆ. ಕೋಟು ನಾನು ದನಿಗೆ ಹಾಕ್ಕೊಂಡೀನಿ" ಎನ್ನುತ್ತಾರೆ. ಈ 'ಕೇಳ್ರಿಲ್ಲೆ' ಇಲ್ಲದೆ ಅವರ ಬಾಯಿಂದ ಮಾತು ಹೊರಡದು. ವಿರೂಪಾಕ್ಷನ ಮುಂದೆ ನಿಂತರೂ ಹಾಗೆಯೇ ಶುರುಮಾಡುತ್ತಾರೆಂದು ಬಲ್ಲವರು ನಗುವುದುಂಟು.

ಇಂಥ ಕಂಠವನ್ನು ಹಳೇ ಕಾರಿನ ಓಟದವರು ಬಿಟ್ಟಾರೆಯೇ? ಸಂಡೂರಿನ ದಾರಿಯಲ್ಲಿ, ಒಂದು ಕಾಲಕ್ಕೆ ಅದಿರಿನ ರಾಶಿ ಬೀಳುತ್ತಿದ್ದ, ಈಗ ಬರಿದಾಗಿರುವ ವಿಶಾಲವಾದ ಬಯಲೊಂದಿದೆ. ಸಂಕ್ರಾಂತಿ ಕಳೆದ ಮೇಲೊಂದು ಭಾನುವಾರ, ಗುಜರಿಗೆ ಹೋಗಬೇಕಾಗಿದ್ದ ಮಾರುತಿ, ಅಂಬಾಸಿಡರ್, ಓಮ್ನಿಗಳು ಗಾಜು ಕಳಚಿಕೊಂಡು, ಬಾಗಿಲಿಗೆ ಬೆಸುಗೆ ಹಾಕಿಸಿಕೊಂಡು, ಮೈತುಂಬ ನಂಬರು ಬರೆಸಿಕೊಂಡು ಅಲ್ಲಿ ಸುತ್ತು ಹೊಡೆಯುತ್ತವೆ. ಟಿಪ್ಪರ್ ಡ್ರೈವರುಗಳು, ಮೆಕ್ಯಾನಿಕ್ಕುಗಳು, ಇತ್ತೀಚೆಗೆ ಕಾರ್ಖಾನೆಯ ಇಂಜಿನಿಯರುಗಳೂ ಓಡಿಸುತ್ತಾರೆ. ಕಾರುಗಳು ಬಿಟ್ಟವೆಂದರೆ ಏಳುವ ಕೆಂಪು ಧೂಳಿನಲ್ಲಿ ಯಾರು ಮುಂದೆ, ಯಾರು ಹಿಂದೆ ಒಂದೂ ತಿಳಿಯದು. ಧೂಳಿಗೂ ಮೇಲೆ, ಅಟ್ಟಣಿಗೆಯಲ್ಲಿ ಮೈಕು ಹಿಡಿದು ನಿಂತ ಕೊಟ್ರಯ್ಯನವರಿಗೆ ಮಾತ್ರ ಎಲ್ಲವೂ ಕಾಣುತ್ತದೆ. ಜನ ಓಟವನ್ನು ನೋಡುವುದು ಅವರ ಬಾಯಿಂದ. ಅವರು "ಬಿಡ್ರೀ!" ಎಂದು ಕೂಗಿದ ಮೇಲೆಯೇ ಬಾವುಟ ಇಳಿಯುವುದು ವಾಡಿಕೆ.

ಮೊದಮೊದಲು ಅಲ್ಲಿ ಒಡ್ಡೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಜನ ತಿರುವಿನ ಅಂಚಿಗೇ ನಿಂತು, ಕಾರು ಬಂದಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಅದನ್ನೇ ಶೌರ್ಯವೆಂದು ತಿಳಿದಿದ್ದರು. ಒಂದು ವರ್ಷ ಕೊನೆಯ ತಿರುವಿನಲ್ಲಿ ಓಮ್ನಿಯೊಂದು ಜಾರಿ ಮಿರ್ಚಿ ಬಂಡಿಗೆ ನುಗ್ಗಿತು, ಮಿರ್ಚಿ ಪಕೀರಪ್ಪನ ಒಂದು ಕಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಆಮೇಲೆ ನಿಯಮಗಳು ಬಂದವು: ಕಾರಿನೊಳಗೆ ಕಬ್ಬಿಣದ ಪೈಪಿನ ಪಂಜರ, ಬೆಲ್ಟು, ಹೆಲ್ಮೆಟ್ಟು, ತಿರುವಿನಲ್ಲಿ ಎದೆಮಟ್ಟದ ಮಣ್ಣಿನ ಒಡ್ಡು, ಅದರಿಂದ ಬಹಳ ಹಿಂದೆ ಹಗ್ಗ, ಹಗ್ಗದಾಚೆ ಜನ. ನಿಯಮ ಮಾಡಿದ್ದು ಸಮಿತಿ, ಕಾಯ್ದದ್ದು ಕೊಟ್ರಯ್ಯನವರು. ಹಂಪಿಯ ಹಟವನ್ನೇ ಇಲ್ಲಿಗೂ ತಂದರು. ಒಬ್ಬ ಹಗ್ಗ ದಾಟಿದರೂ ಸಾಕು, ಓಟ ಎಂಥ ಘಟ್ಟದಲ್ಲಿದ್ದರೂ ಮೈಕು ಮೂಕ. ಧೂಳಿನಲ್ಲಿ ಕುರುಡಾದ ಜನ ಚಡಪಡಿಸುತ್ತಾರೆ, "ಯಾವನಲೇ ಅಂವ ಹಗ್ಗ ದಾಟಿದಾಂವ? ಹಿಂದಕ್ಕ ಬಾ, ಅಯ್ಯನೋರು ಬಾಯಿ ಬಿಡವಲ್ರು!" ಎಂದು ಅವರವರೇ ಗದರಿಕೊಂಡು ಸರಿಯಾಗುತ್ತಾರೆ. ಪೊಲೀಸರ ಲಾಠಿಗೆ ಬಗ್ಗದ ಜನ ಈ ಮೌನಕ್ಕೆ ಬಗ್ಗಿದರು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದನ್ನು ಕೆಡಿಸದಿದ್ದರೆ ನಮ್ಮವರಿಗೆ ಉಂಡ ಅನ್ನ ಅರಗುವುದುಂಟೇ? ಈ ವರ್ಷ ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕ ಶಂಭುಲಿಂಗ ಸಮಿತಿಯ ಅಧ್ಯಕ್ಷನಾದ. ಕೆಟ್ಟವನಲ್ಲ, ಚಪ್ಪಾಳೆಯ ಹಸಿವು ಸ್ವಲ್ಪ ಹೆಚ್ಚು. ಹೊಸಪೇಟೆಯ ಟೈರ್ ಅಂಗಡಿಯ ಮಹಡಿಯಲ್ಲಿ ಸಭೆ ಕರೆದು, ಹಿಂದಿನ ವರ್ಷ ಕಾರೊಂದು ಮಗುಚಿದ ವಿಡಿಯೊವನ್ನು ಎಲ್ಲರ ಮುಂದೆ ಹಿಡಿದ. ಪಂಜರವಿದ್ದದ್ದರಿಂದ ಅದರ ಡ್ರೈವರು ಬಟ್ಟೆ ಕೊಡವಿಕೊಂಡು ಹೊರಗೆ ಬಂದಿದ್ದ. ವಿಡಿಯೊದಲ್ಲಿ ಅಷ್ಟನ್ನು ಮಾತ್ರ ಕತ್ತರಿಸಿದ್ದರು.

"ಲಕ್ಷಗಟ್ಟಲೆ ಜನ ನೋಡ್ಯಾರ್ರಿ ಇದನ್ನ. ಗೆದ್ದಾಂವನ ವಿಡಿಯೊ ಯಾರೂ ನೋಡಿಲ್ಲ. ನಿಮ್ಮ ರೂಲ್ಸಿನಾಗ ಓಟ ಸಪ್ಪಗಾಗೇತ್ರಿ ಅಯ್ಯನೋರ, ಜನಕ್ಕ ಎದಿ ಝಲ್ ಅನಬೇಕು. ಪಂಜರ, ಹೆಲ್ಮೆಟ್ ಇರ್ಲಿ. ಆ ಒಡ್ಡು ತಗಿಸಿ, ಹಗ್ಗ ಮುಂದ ತರೋಣು."

"ಕೇಳ್ರಿಲ್ಲೆ ಶಂಭಣ್ಣ," ಎಂದರು ಕೊಟ್ರಯ್ಯ, "ಪಲ್ಟಿ ನೋಡೂದ ಮಜಾ ಅಂದ್ರ ಓಟ ಯಾಕ? ಜನಾನ್ನ ಕರಕೊಂಡು ಹೋಗಿ ಘಾಟಿನಾಗ ನಿಂದ್ರಿಸ್ರಿ, ಟಿಪ್ಪರು ಬೀಳ್ತಾವ, ಪುಕ್ಕಟೆ ನೋಡ್ಲಿ. ರಾಯರು ಕುಸ್ತಿ ನೋಡಿದ್ದು ಮಹಾನವಮಿ ದಿಬ್ಬದ ಮ್ಯಾಲೆ ಕುಂತು. ಕಣದಾಗ ಇಳಿದಿದ್ದಿಲ್ಲ. ಅವರಿಗೆ ಮಜಾ ಕಮ್ಮಿ ಬಿತ್ತೇನು?"

ಎಲ್ಲರೂ ನಕ್ಕರು, ನಕ್ಕು ಅಧ್ಯಕ್ಷನ ಕಡೆಗೇ ಕೈ ಎತ್ತಿದರು. ಎತ್ತಿದ ಆ ಕೈಗಳಿಗೆ ಇನ್ನೂ ಮಿರ್ಚಿಯ ಎಣ್ಣೆ ಹತ್ತಿತ್ತು. ಸಭೆಗೆಂದು ತರಿಸಿದ್ದ ಆ ಮಿರ್ಚಿ ಪಕೀರಪ್ಪನ ಬಂಡಿಯದೇ. ಆತನ ಕಾಲನ್ನು ಮರೆಯಲು ಅವರಿಗೆ ಬಾಯಿ ಒರೆಸಿಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗಾದರೆ ಮೈಕು ಬೇರೆಯವರಿಗೆ ಕೊಡಿ ಎಂದು ಕೊಟ್ರಯ್ಯನವರು ಎದ್ದರೆ ಶಂಭುಲಿಂಗ ಗಾಬರಿಯಾದ: "ಅಯ್ಯೋ, ನಿಮ್ಮ ದನಿ ಇಲ್ಲಂದ್ರ ಯಾರು ಬರ್ತಾರ್ರಿ?" ರೋಮಾಂಚನ ಎಲ್ಲಿದೆಯೆಂದು ಅವನ ನಾಲಗೆಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ.

ಹೋಗದೆ ಮನೆಯಲ್ಲಿ ಕುಳಿತಿದ್ದರೆ ಸ್ವಾಭಿಮಾನ ಉಳಿಯುತ್ತಿತ್ತು. ಆದರೆ ತಿರುವಿನಲ್ಲಿ ನಿಲ್ಲುವ ಜನ ಉಳಿಯಬೇಕಲ್ಲ? ಕೊಟ್ರಯ್ಯನವರು ಕೋಟು ತೊಟ್ಟು ಬಂದರು. ಒಡ್ಡನ್ನು ಜೆಸಿಬಿಯಿಂದ ನೆಲಸಮ ಮಾಡಿದ್ದರು. ಹಗ್ಗ ಓಟದ ದಾರಿಗೇ ಅಂಟಿಕೊಂಡಂತೆ ಬಂದಿತ್ತು. ಅದರ ಹಿಂದೆ ಜನ, ಜನರ ನಡುವೆ ಪಕೀರಪ್ಪನ ಬಂಡಿ. ಅಟ್ಟಣಿಗೆ ಹತ್ತಿ ಅದೆಲ್ಲವನ್ನೂ ಒಮ್ಮೆ ನೋಡಿದರು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು, ಮೈಕು ಹಿಡಿದರು, ಸುಮ್ಮನೆ ನಿಂತರು.

ಕಾರುಗಳು ಗುರುಗುಟ್ಟಿದವು. ಬಾವುಟದವನು ಮೇಲೆ ನೋಡಿದ. ಜನ ರೂಢಿಯಂತೆ ತಮ್ಮ ಕಾಲು ನೋಡಿಕೊಂಡರು. ಎಲ್ಲರೂ ಹಗ್ಗದ ಹಿಂದೆಯೇ ಇದ್ದರು. "ಯಾರೂ ದಾಟಿಲ್ರೀ ಅಯ್ಯನೋರ!" ಎಂದು ಕೂಗಿದರೂ ಉತ್ತರವಿಲ್ಲ. ಶಂಭುಲಿಂಗ ಅಟ್ಟಣಿಗೆಗೆ ಓಡಿ ಮೈಕು ಕಸಿದುಕೊಂಡು, "ಏನೂ ಆಗೂದಿಲ್ರೀ, ಮುಂದ ಬರ್ರಿ!" ಎಂದ. ಜನ ಹೋ ಎಂದು ಕೂಗಿ ಅವನನ್ನು ಕೂರಿಸಿ, ಮೈಕನ್ನು ಅಯ್ಯನವರಿಗೇ ಕೊಡಿಸಿದರು. ಆಗ ಪಕೀರಪ್ಪ ಒಲೆ ಆರಿಸಿದ.

"ಅಯ್ಯನೋರು ಸುಮ್ಮನದಾರ ಅಂದ್ರ ನಾವು ನಿಂತ ಜಾಗ ಸರಿ ಇಲ್ಲ. ಒಂದು ಕಾಲು ಕೊಟ್ಟು ಕಲ್ತೀನಿ ನಾನು. ನೂಕ್ರಪ್ಪ ಬಂಡಿ, ಹಿಂದಕ್ಕ!"

ಊರುಗೋಲು ಕಂಕುಳಿಗೆ ಕೊಟ್ಟು ಅವನೇ ಮೊದಲು ಕೈಹಚ್ಚಿದ. ಬಂಡಿ ಹೊರಳಿತು, ಬಂಡಿಯ ಹಿಂದೆ ಒಂದಿಷ್ಟು ಜನ, ಅವರ ಹಿಂದೆ ಮತ್ತಷ್ಟು. ಯಾರೋ ಹಗ್ಗದ ಗೂಟ ಕಿತ್ತು ಹೆಗಲಿಗೇರಿಸಿದರು. ಹಳೆಯ ಅದಿರು ಗುಡ್ಡೆಯ ಇಳಿಜಾರು ಹತ್ತಿ ಎಲ್ಲರೂ ನಿಂತ ಮೇಲೆ ಮೇಲಿನಿಂದ ಗುಡುಗಿನಂಥ "ಕೇಳ್ರಿಲ್ಲೇ!" ಬಂತು. ಆ ಒಂದು ಕೂಗಿಗೆ ಬಯಲಿಗೆ ಬಯಲೇ ಝಲ್ಲೆಂದಿತು.

ಕೊನೆಯ ಸುತ್ತು. "ಏಳು ನಂಬರು, ಭವ್ಯ, ಒಳಗಿನ ದಾರಿ ಹಿಡದಾಳ! ಅಂಬಾಸಿಡರಣ್ಣಾ, ಜಾಗ ಬಿಡಪೋ, ತಂಗಿ ಬಂದ್ಲು!" ಭವ್ಯ ಕಾರ್ಖಾನೆಯ ಇಂಜಿನಿಯರು, ಎದೆಗಾರ್ತಿ. ಅದೇ ತಿರುವಿನಲ್ಲಿ ಅವಳ ಮಾರುತಿ ಹಿಡಿತ ತಪ್ಪಿ ಜಾರಿತು. ಒಡ್ಡು ಇದ್ದಿದ್ದರೆ ತಡೆಯುತ್ತಿತ್ತು, ಇಲ್ಲದ್ದರಿಂದ ಬಯಲಿಗೇ ನುಗ್ಗಿ, ಒಂದು ಸುತ್ತು ತಿರುಗಿ ನಿಂತಿತು. ಹುಡುಗಿ ಮತ್ತೆ ಗೇರು ಹಾಕಿ ದಾರಿಗೆ ಬಂದಳು. ಜನ ಕುಣಿದರು, ಶಿಳ್ಳೆ ಹೊಡೆದರು. ಅವಳ ಚಕ್ರದ ಗುರುತು ಹಾದುಹೋದದ್ದು ಹಗ್ಗದ ಗೂಟ ಕಿತ್ತ ಕುಳಿಗಳ ಮೇಲೆ, ಮಿರ್ಚಿ ಬಂಡಿ ನಿಂತಿದ್ದ ಎಣ್ಣೆಯ ಕಲೆಯ ಮೇಲೆ. ಅದನ್ನು ಯಾರೂ ನೋಡಲಿಲ್ಲ.

ಎಲ್ಲ ಮುಗಿದ ಮೇಲೆ ಶಂಭುಲಿಂಗ ಗೆಲುವಿನಿಂದಲೇ ಬಂದ. "ನೋಡಿದ್ರಿ, ಅಯ್ಯನೋರ? ಏನಾತು? ಏನೂ ಆಗ್ಲಿಲ್ಲ. ಸುಮ್ನ ಅಂಜಿಸಿದ್ರಿ."

ಕೊಟ್ರಯ್ಯನವರು ಹೆಜ್ಜೆ ಊರಿ ಊರಿ ನಡೆದುಹೋಗಿ, ಆ ಎಣ್ಣೆಯ ಕಲೆಯ ಮೇಲೆ ನಿಂತು, "ಇಲ್ಲಿ ಬರ್ರಿ ಶಂಭಣ್ಣ, ಕೆಳಗ ನೋಡ್ರಿ" ಎಂದು ಕರೆದರು. ಶಂಭುಲಿಂಗ ಬರಲಿಲ್ಲ. ಕಾರು ಜಾರಿದ ವಿಡಿಯೊ ಅಷ್ಟರಲ್ಲೇ ಅವನ ಮೊಬೈಲಿಗೆ ಬಂದಿತ್ತು, ತಲೆ ತಗ್ಗಿಸಿ ಅದನ್ನು ನೋಡುತ್ತಿದ್ದ. ಮುಂದಿನ ವರ್ಷ ಅಯ್ಯನವರನ್ನು ಕರೆಯುತ್ತಾರೋ ಇಲ್ಲವೋ, ಹೇಳಲಾರೆ.

ಇಂಥವರ ಪಾಡೇ ಇಷ್ಟು. ಆದ ಅನಾಹುತಕ್ಕೆ ಊರೆಲ್ಲ ಸಾಕ್ಷಿ. ಆಗದಂತೆ ತಡೆದದ್ದಕ್ಕೆ ಒಂದು ನರಪಿಳ್ಳೆಯೂ ಇಲ್ಲ. ತಡೆದವನನ್ನು ಅಂಜುಬುರುಕ, ರಸಗೇಡಿ, ಮಜಾ ಕೆಡಿಸುವವ ಎನ್ನುತ್ತೇವೆ. ಅವನು ಉಳಿಸಿಕೊಟ್ಟ ಕಾಲಿನ ಮೇಲೆಯೇ ನಿಂತು ಎನ್ನುತ್ತೇವೆ. ಜೀವಂತ ಕೊರಳಿಗೆ ನಮ್ಮ ಊರುಗಳಲ್ಲಿ ಹೂವಿನ ಬರ. ಹಾರವೇನಿದ್ದರೂ ನಾವು ಫೋಟೊಗಳಿಗೆಂದು ಕಟ್ಟಿಟ್ಟಿದ್ದೇವೆ.