ಕೆಂಪು ದಾರದಲ್ಲಿ ಹೊಲಿದ ಪುಟಗಳು

ಮಾವನ ಹಾಸಿಗೆಯ ಕೆಳಗೆ ಮೊಣಕೈವರೆಗೂ ಕೈ ತೂರಿಸಿ ತಡಕಾಡುತ್ತಿದ್ದಾಗ ಹಜಾರದಿಂದ ನಾದಿನಿಯ ದನಿ ಬಂತು.

"ಅತ್ತಿಗೆ, ಶರ್ಟು ಸಿಕ್ತಾ?"

"ಸಿಕ್ತು, ಬಂದೆ," ಎಂದಳು ಸೊಸೆ.

ಶರ್ಟು ಆಗಲೇ ಅವಳ ಹೆಗಲ ಮೇಲಿತ್ತು. ತಿಳಿನೀಲಿ ಬಣ್ಣದ್ದು; ಮಾವ ಲೈಬ್ರರಿಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದದ್ದು. ಎರಡನೆಯ ಗುಂಡಿ ಉದುರಿಹೋಗಿತ್ತು. ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡ ಮಾವನಿಗೆ ಇದನ್ನೇ ಹಾಕಿ ಕಳಿಸುವುದೆಂದು ಮಗ, ಮಗಳು ಇಬ್ಬರೂ ಒಪ್ಪಿದ್ದರು. ಸ್ಮಶಾನಕ್ಕೆ ಒಯ್ಯುವ ವ್ಯಾನು ಮೂರು ಗಂಟೆಗೆ ಬರುವುದಿತ್ತು. ಆದರೆ ಅವಳು ಹುಡುಕುತ್ತಿದ್ದದ್ದು ಉದ್ದನೆಯ, ನೀಲಿ ರಟ್ಟಿನ ನೋಟ್‌ಬುಕ್ಕನ್ನು. ಹಾಸಿಗೆಯ ಕೆಳಗೆ ಇರಲಿಲ್ಲ. ಹೊಲಿಗೆ ಮಷೀನಿನ ಡ್ರಾಯರಿನಲ್ಲೂ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಲೈಬ್ರರಿಯಿಂದ ತಂದ ಕಾದಂಬರಿ ಮಾಲೆಯ ಹನ್ನೊಂದನೆಯ ಸಂಪುಟ ಒಂದೇ ಕೂತಿತ್ತು.

ಮಾವ ನಲವತ್ತೊಂದು ವರ್ಷ ಹೊಲಿಗೆ ಮಷೀನು ರಿಪೇರಿ ಮಾಡಿದವರು. ಎಪ್ಪತ್ತೈದನೆಯ ವಯಸ್ಸಿನಲ್ಲಿ ಪತ್ತೇದಾರಿ ಕಾದಂಬರಿಯ ಹುಚ್ಚು ಹಿಡಿಸಿಕೊಂಡರು. ಅದೂ ಒಂದೇ ಮಾಲೆ. ಅದರ ನಾಯಕ ಪೊಲೀಸನಲ್ಲ. ಕೊಲೆ ನಡೆದ ಕೋಣೆ ನೋಡಿ ಕೊಲೆಗಾರ ಎಂಥ ಮನುಷ್ಯ ಎಂದು ಹೇಳುವ ಮನಶ್ಶಾಸ್ತ್ರಜ್ಞ. ನಿದ್ದೆ ಇಲ್ಲ, ಕುಡಿತ ಬಿಟ್ಟಿಲ್ಲ, ಹೆಂಡತಿ ಬಿಟ್ಟುಹೋಗಿದ್ದಾಳೆ. "ಇವನಿಗೆ ಯಾರಾದ್ರೂ ಹೊತ್ತಿಗೆ ಸರಿಯಾಗಿ ಊಟ ಹಾಕಿದ್ರೆ ಅರ್ಧ ಕೇಸು ತಾನಾಗೇ ಮುಗಿಯುತ್ತೆ ಕಣಮ್ಮಾ," ಎನ್ನುತ್ತಿದ್ದರು ಮಾವ. ಎರಡನೆಯ ಸಂಪುಟ ಮುಗಿಯುವಷ್ಟರಲ್ಲಿ ಅವರೂ ಒಂದು ನೋಟ್‌ಬುಕ್ ತಂದು, ಬೀದಿಯಲ್ಲಿ ಓಡಾಡುವವರ ಬಗ್ಗೆ ಟಿಪ್ಪಣಿ ಬರೆಯತೊಡಗಿದ್ದರು.

ಹಜಾರದಲ್ಲಿ ಯಾರೋ ನಕ್ಕರು. ಸಾವಿನ ಮನೆಯ ನಗು. ತಡೆಯಲು ಹೋಗಿ ಮೂಗಿನಿಂದ ಹೊರಬಂದದ್ದು. ಸೊಸೆ ಹೊರಗೆ ಬಂದಳು. ನಾದಿನಿಯ ಮಡಿಲಲ್ಲಿ ನೋಟ್‌ಬುಕ್ ತೆರೆದಿತ್ತು.

"ಕೇಳಿ ಅತ್ತಿಗೆ. 'ಮೇಲಿನ ಮನೆಯ ಬ್ಯಾಂಕಿನವರು. ವಾಕಿಂಗಿಗೆ ಹೊರಡುವಾಗ ಮೀಸೆ ಸ್ವಚ್ಛ. ಬರುವಾಗ ಮೀಸೆಯಲ್ಲಿ ಸಕ್ಕರೆಪುಡಿ. ನಡೆದದ್ದು ನಲವತ್ತು ನಿಮಿಷ, ತೂಕ ಇಳಿದಿಲ್ಲ. ತೀರ್ಮಾನ: ಬೇಕರಿ.'"

ಬ್ಯಾಂಕಿನವರು ಎರಡನೆಯ ಸಾಲಿನ ಕುರ್ಚಿಯಲ್ಲೇ ಇದ್ದರು. ಅವರ ಹೆಂಡತಿ ಮೆಲ್ಲಗೆ ತಿರುಗಿ ಅವರ ಮೀಸೆ ನೋಡಿದರು. ಬ್ಯಾಂಕಿನವರು ಖಾಲಿ ಚಹಾ ಲೋಟದೊಳಗೆ ಇಣುಕಿದರು.

"ಇವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಆ ಮನುಷ್ಯನಿಗೂ ಗೊತ್ತಿತ್ತಲ್ಲ," ಎಂದರು ಹೆಂಡತಿ. "ನಂಗೊಂದು ಮಾತು ಹೇಳಬಾರ್ದಿತ್ತಾ?"

"ಹೇಳ್ತಿರ್ಲಿಲ್ಲ," ಎಂದ ಟೈಲರ್. ಮಾವನ ಹಳೆಯ ಗೆಳೆಯ, ಮೂರು ಮಷೀನಿನ ಅಂಗಡಿಯವನು. "ಬರೀತಿದ್ದ, ಹೇಳ್ತಿರ್ಲಿಲ್ಲ. ಅದೇ ಅವನ ಚಟ."

ಸೊಸೆ ನೋಟ್‌ಬುಕ್ಕನ್ನೇ ನೋಡುತ್ತ ನಿಂತಳು. ಅದರಲ್ಲಿ ಒಂದು ಪುಟ ತನ್ನದೂ ಇರಬಹುದು. ಬೇಕರಿಯನ್ನೇ ಬಿಡದ ಮನುಷ್ಯ ಸ್ಕೂಟರಿನ ಕೀಯನ್ನು ಬಿಟ್ಟಿರುತ್ತಾನೆಯೇ?

* * *

ಮೂರು ವರ್ಷದ ಹಿಂದೆ, ಒಂದು ಬುಧವಾರ, ನಾಲ್ಕಕ್ಕೆ ಹತ್ತು ನಿಮಿಷ. ಅವಳು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಸಿಗ್ನಲಿನಲ್ಲಿ ಕೆಂಪು ದೀಪ; ಬಸ್ಸು ನಿಂತಿತ್ತು. ಮಾವನ ಸ್ಕೂಟರು ಕಿಟಕಿಯ ಪಕ್ಕದಲ್ಲೇ ಹಾದು, ವೇಗ ಒಂದಿಷ್ಟೂ ಇಳಿಸದೆ, ದೀಪ ದಾಟಿ ಹೋಯಿತು. ಹಿಂದೆ ಅವಳ ಏಳು ವರ್ಷದ ಮಗಳು, ಬೆನ್ನಿಗೆ ಶಾಲೆಯ ಚೀಲ. ಅಡ್ಡ ಬಂದ ಲಾರಿಯೊಂದು ಕಿರುಚುತ್ತ ಬ್ರೇಕು ಹಾಕಿತು. ಮಾವ ತಿರುಗಿ ಕೂಡ ನೋಡಲಿಲ್ಲ.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಐವತ್ತು ವರ್ಷ ಗಾಡಿ ಓಡಿಸಿದವನಿಗೆ ಪಾಠ ಹೇಳ್ತೀಯಾ ಎನ್ನುತ್ತಾರೆ ಮಾವ. ಸುಮ್ನಿರು ಎನ್ನುತ್ತಾನೆ ಗಂಡ. ಸಂಜೆ ಗೋಡೆಯ ಮೊಳೆಯಿಂದ ಸ್ಕೂಟರಿನ ಕೀ ತೆಗೆದು, ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿದ್ದ ಗುಂಡಿಗಳ ಡಬ್ಬಿಯ ತಳಕ್ಕೆ ತಳ್ಳಿದಳು. ಎರಡು ದಿನ, ಧೈರ್ಯ ಬರುವ ತನಕ ಮಾತ್ರ ಎಂದುಕೊಂಡಿದ್ದಳು.

ಮಾವ ನಾಲ್ಕು ದಿನ ಹುಡುಕಿದರು. ನಾಲ್ಕನೆಯ ದಿನ ಒಮ್ಮೆಲೇ ನಿಲ್ಲಿಸಿದರು. ಸೋತುಹೋದರು ಎಂದು ಅವಳು ಅಂದುಕೊಂಡಳು. ಅಷ್ಟರಲ್ಲಿ ನಾದಿನಿ ಬಂದು ಅಪ್ಪನನ್ನು ಮರೆವಿನ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಗಡಿಯಾರದ ಚಿತ್ರ ಬರೆಸಿದರು, ಮಾವ ಸರಿಯಾಗಿ ಬರೆದರು. ತಾರೀಕು ಕೇಳಿದರು, ಮಾವ ಒಂದು ದಿನ ಹಿಂದಿನದು ಹೇಳಿದರು. 'ಮರೆವಿನ ಆರಂಭ ಇರಬಹುದು' ಎಂದು ಚೀಟಿಯಲ್ಲಿ ಬಂತು. ಅಲ್ಲಿಂದಾಚೆ ಮನೆಯಲ್ಲಿ ಏನು ಕಳೆದರೂ ಎಲ್ಲರೂ ಮೊದಲು ಮಾವನ ಮುಖ ನೋಡುತ್ತಿದ್ದರು. ಸ್ಕೂಟರಿಗೆ ಹೊದಿಕೆ ಬಿತ್ತು. ಮಾವ ನಡೆದು ಹೋಗಬಹುದಾದ ಜಾಗ ಒಂದೇ ಉಳಿಯಿತು: ಬೀದಿಯ ಕೊನೆಯ ಲೈಬ್ರರಿ.

ಆ ಡಬ್ಬಿಯನ್ನು ಅವಳು ಮತ್ತೆ ಮುಟ್ಟಲಿಲ್ಲ. ಗುಂಡಿ ಬೇಕಾದಾಗಲೆಲ್ಲ ಅಂಗಡಿಯಿಂದ ಹೊಸದು ತಂದಳು.

* * *

"ಇದೇನಿದು, ಮೊದಲನೇ ಹಾಳೆಗಳು ಅಂಟಿಕೊಂಡಿವೆ?" ನಾದಿನಿ ನೋಟ್‌ಬುಕ್ಕನ್ನು ಬೆಳಕಿಗೆ ಹಿಡಿದಳು. ಅಂಟಿದ್ದಲ್ಲ, ಹೊಲಿದದ್ದು. ಎರಡು ಹಾಳೆ ಸೇರಿಸಿ, ಮೂರು ಬದಿಗೂ ಕೆಂಪು ದಾರದ ನೇರ ಹೊಲಿಗೆ.

ಟೈಲರ್ ಬೆರಳಾಡಿಸಿ ನೋಡಿದ. "ಆ ಕತೆಯವನು ಕೇಸು ಮುಗಿದ್ರೆ ಫೈಲಿಗೆ ಕೆಂಪು ದಾರ ಕಟ್ಟಿ ಬೀರುಗೆ ಹಾಕ್ತಾನಂತೆ. ನಿಮ್ಮಪ್ಪ ಕಟ್ಟೋದೆಲ್ಲಿ, ಮಷೀನಿಗೇ ಕೊಟ್ಟುಬಿಟ್ಟಿದ್ದಾನೆ. ಬೇಕರಿ ಇನ್ನೂ ನಡೀತಾ ಇದೆಯಲ್ಲ, ಅದಕ್ಕೇ ಅದನ್ನ ಹೊಲಿದಿಲ್ಲ."

"ಬಿಚ್ಚೋಣ. ಬ್ಲೇಡಿದೆಯಾ ಅತ್ತಿಗೆ?"

"ಈಗ ಯಾಕೆ? ಶರ್ಟಿಗೆ ಗುಂಡಿ ಹಾಕ್ಬೇಕು. ವ್ಯಾನು ಬಂದುಬಿಡುತ್ತೆ."

"ಇನ್ನೂ ಒಂದು ಗಂಟೆ ಇದೆ," ಎಂದು ಬಾಗಿಲ ಬಳಿ ಫೋನಿನಲ್ಲಿದ್ದ ಗಂಡ ಅಲ್ಲಿಂದಲೇ ಹೇಳಿದ.

ಟೈಲರ್ ಜೇಬಿನಿಂದ ಸಣ್ಣ ಕತ್ತರಿ ತೆಗೆದ. ಮೂರು ಹೊಲಿಗೆಗೊಂದರಂತೆ ಕತ್ತರಿಸಿ ದಾರ ಎಳೆದ. ಕಾಗದ ಎಲ್ಲೂ ಹರಿಯಲಿಲ್ಲ. ಸೊಸೆ ಶರ್ಟನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ನಾದಿನಿ ಓದಿದಳು.

"'ಕೇಸು ಒಂದು, ಹಳೆಯದು. ಕಳೆದದ್ದು: ಸ್ಕೂಟರಿನ ಕೀ. ಮೊದಲ ಅನುಮಾನ ನನ್ನ ಮೇಲೆಯೇ. ನಾಲ್ಕನೆಯ ದಿನ ನನ್ನನ್ನು ಪಟ್ಟಿಯಿಂದ ತೆಗೆದೆ. ಕಾರಣ, ಕೀ ಸಿಕ್ಕಿತು. ಗುಂಡಿಗಳ ಡಬ್ಬಿಯ ತಳದಲ್ಲಿ. ನಾನು ಮರೆತು ಎಲ್ಲಿಟ್ಟರೂ ಎಪ್ಪತ್ತು ಗುಂಡಿಗಳ ಕೆಳಗೆ ಇಡುವವನಲ್ಲ.'"

ಅವಳು ಎದುರಿನ ಪುಟಕ್ಕೆ ಹೋದಳು.

"'ಕತೆಯವನು ಹೇಳುವಂತೆ ಕೆಟ್ಟವರನ್ನಲ್ಲ, ಹೆದರಿದವರನ್ನು ಹುಡುಕಿದೆ. ಬುಧವಾರದ ನಂತರ ಈ ಮನೆಯಲ್ಲಿ ಹೆದರಿದವರು ಒಬ್ಬರೇ. ಹೆಸರು ಬರೆಯುವುದಿಲ್ಲ. ಆ ದಿನ ಕೆಂಪು ದೀಪ ನನಗೆ ಕಾಣಲೇ ಇಲ್ಲ. ಲಾರಿಯ ಸದ್ದು ಕೇಳಿದ ಮೇಲೆ ಗೊತ್ತಾಯಿತು. ಮಗು ಹಿಂದೆ ಕೂತಿತ್ತು. ಕೀ ಸಿಕ್ಕಿತು ಎಂದರೆ ಗಾಡಿ ತೆಗೆಯಬೇಕು. ತೆಗೆಯುವುದಿಲ್ಲ ಎಂದರೆ ಯಾಕೆಂದು ಹೇಳಬೇಕು. ಮರೆವು ಎಂದುಕೊಳ್ಳಲಿ, ಅದು ಸುಲಭ. ಕೀ ಇದ್ದಲ್ಲೇ ಇರಲಿ. ಕೇಸು ಮುಗಿಯಿತು.'"

ಅವಳು ಅಲ್ಲಿ ಕೂತವರನ್ನೆಲ್ಲ ಒಮ್ಮೆ ನೋಡಿದಳು.

"ಯಾರು?" ಎಂದಳು ನಾದಿನಿ.

"ಅವನೇ ಬರೆದಿಲ್ಲ, ಬಿಡಮ್ಮಾ," ಎಂದ ಟೈಲರ್.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾವ ಅದಕ್ಕೆ ಬೇಕಾದ ಏರ್ಪಾಡೆಲ್ಲ ಮಾಡಿಟ್ಟೇ ಹೋಗಿದ್ದರು.

"ನಾನು," ಎಂದಳು ಸೊಸೆ. "ಬಸ್ಸಿನಿಂದ ನೋಡಿದ್ದೆ. ಹೇಳೋಕಾಗ್ಲಿಲ್ಲ. ನೀನು ಡಾಕ್ಟರ ಹತ್ರ ಕರ್ಕೊಂಡು ಹೋದಾಗ್ಲೂ ಹೇಳ್ಲಿಲ್ಲ."

ಬಾಗಿಲಲ್ಲಿದ್ದ ಗಂಡ ಫೋನನ್ನು ಕಿವಿಯಿಂದ ಇಳಿಸಿದ. ನಾದಿನಿ ನೋಟ್‌ಬುಕ್ ಮುಚ್ಚಿದಳು.

"ಹಾಗಾದ್ರೆ ಅಪ್ಪನಿಗೆ ಮರೆವು ಇರ್ಲೇ ಇಲ್ವಾ?"

"ಇರ್ಲಿಲ್ಲ."

"ಅತ್ತಿಗೆ, ಮೂರು ವರ್ಷದಿಂದ ಕನ್ನಡಕ ಕೈಗೆ ಸಿಗದೇ ಇದ್ರೆ ಸಾಕು, ಬಾತ್‌ರೂಮಿಗೆ ಹೋಗಿ ಗೋಡೆ ಮೇಲೆ ಬೆರಳಲ್ಲಿ ಗಡಿಯಾರ ಬರೀತೀನಿ. ಅಪ್ಪನ ರೋಗ ನಂಗೂ ಶುರುವಾಯ್ತು ಅಂತ." ಅವಳು ಮೂಗು ಒರೆಸಿಕೊಂಡಳು. "ಗಂಡನಿಗೂ ಹೇಳಿಲ್ಲ."

"ಕನ್ನಡಕ ಎಲ್ಲಿರ್ತಿತ್ತು?"

"ತಲೆ ಮೇಲೆ."

ಇಬ್ಬರೂ ಒಟ್ಟಿಗೆ ನಕ್ಕರು. ನಗುತ್ತಲೇ ನಾದಿನಿ ಅತ್ತಿಗೆಯ ಭುಜಕ್ಕೆ ಹಣೆ ಒತ್ತಿ ಅತ್ತಳು. ಬ್ಯಾಂಕಿನವರ ಹೆಂಡತಿ ಇಬ್ಬರಿಗೂ ನೀರು ತಂದುಕೊಟ್ಟರು.

"ನಿನ್ನೆ ಸಂಜೆ ಫೋನ್ ಮಾಡಿದ್ದ," ಎಂದ ಟೈಲರ್, ಎಳೆದ ಕೆಂಪು ದಾರವನ್ನು ಬೆರಳಿಗೆ ಸುತ್ತುತ್ತ. "ಹನ್ನೊಂದನೇದು ಮುಗೀತಂತೆ. ಕತೆಯವನು ಕೊನೇ ಪುಟದಲ್ಲಿ ನಿದ್ದೆ ಮಾಡಿದ ಕಣೋ, ಅಂದ. ಭಾರೀ ಖುಷಿಯಾಗಿದ್ದ."

ಎರಡೂವರೆಯಾಗಿತ್ತು. ಸೊಸೆ ಸೂಜಿಗೆ ಬಿಳಿ ದಾರ ಪೋಣಿಸಿ, ಅಡುಗೆಮನೆಯಲ್ಲಿ ಸ್ಟೂಲು ಹತ್ತಿ, ಮೇಲಿನ ಶೆಲ್ಫಿನಿಂದ ಡಬ್ಬಿ ಇಳಿಸಿದಳು. ಮುಚ್ಚಳ ಬಿಗಿಯಾಗಿರಬಹುದೆಂದು ಜೋರಾಗಿ ಎಳೆದಳು. ಅದು ಸಲೀಸಾಗಿ ಬಂತು. ನೀಲಿ ಶರ್ಟಿನಿಂದ ಉದುರಿದ್ದ ಗುಂಡಿ ಮೇಲೆಯೇ ಸಿಕ್ಕಿತು. ಆಮೇಲೆ ಅವಳು ಬೆರಳುಗಳನ್ನು ತಳದವರೆಗೂ ಇಳಿಸಿದಳು.

ಕೀ ಅಲ್ಲೇ ಇತ್ತು. ಎಲ್ಲೂ ಒಂದು ಚುಕ್ಕೆ ತುಕ್ಕಿರಲಿಲ್ಲ. ಹೊಲಿಗೆ ಮಷೀನಿಗೆ ಬಿಡುವ ತೆಳು ಎಣ್ಣೆ, ಇತ್ತೀಚೆಗೆ ಹಚ್ಚಿದ್ದು, ಅವಳ ಬೆರಳ ತುದಿಗೆಲ್ಲ ಮೆತ್ತಿಕೊಂಡಿತು.